ಪರದೆಯ ಕಡೆಗೆ ನಡೆದ ಕಾಕೂ

ಕಾಕೂ ಅವರ ಬಲಗಿವಿಯ ಕೆಳಗಿನಿಂದ ಹೆಗಲಿನವರೆಗೆ ಚರ್ಮ ಆರಿದ ಹಾಲಿನ ಕೆನೆಯ ಹಾಗೆ ಮುದುಡಿಕೊಂಡಿತ್ತು. ಕತ್ತು ಬಲಕ್ಕೆ ಹೊರಳುತ್ತಿರಲಿಲ್ಲ. ಆ ಕಡೆಯಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಸಿನೆಮಾಕ್ಕೆ ಹೋದರೂ ಟಾಕೀಜಿನ ಬಲಗಡೆಯ ಕುರ್ಚಿಯನ್ನೇ ಹಿಡಿಯುತ್ತಿದ್ದರು. ಅಲ್ಲಿ ಕೂತರೆ ಪರದೆ ಎಡಕ್ಕೆ ಬರುತ್ತದೆ, ಕತ್ತು ನೋಯುವುದಿಲ್ಲ.

ಮರಾಠಿಯಲ್ಲಿ ಕಾಕೂ ಎಂದರೆ ಚಿಕ್ಕಮ್ಮ, ಆದರೆ ಅವರು ನಮ್ಮ ಸಂಬಂಧಿಕರಲ್ಲ. ಸಾಂಗಲಿಯ ವಿಶ್ರಾಮಬಾಗದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ತವರು ಗಡಿಯ ಕಡೆಯ ಹಳ್ಳಿ ಸಲಗರೆ. ಗಂಡ, ಅಂದರೆ ನಮ್ಮ ಕಾಕಾ, ಊರಿನ ಅರಿಶಿನ ಪೇಟೆಯಲ್ಲಿ ದಲಾಲರ ಒಂದು ಅಡತ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮಕ್ಕಳಿರಲಿಲ್ಲ. ಮರಾಠಿ ಓಣಿಯಲ್ಲಿ ನಮ್ಮ ಅವ್ವನಿಗೆ ಕನ್ನಡ ಮಾತಾಡಲು ಸಿಕ್ಕವರು ಅವರೊಬ್ಬರೇ. ಹಾಗಾಗಿ ಎರಡೂ ಮನೆಯ ಹಿತ್ತಲಬಾಗಿಲು ದಿನವಿಡೀ ತೆರೆದೇ ಇರುತ್ತಿದ್ದವು.

ಮದುವೆಯಾದ ಹೊಸತರಲ್ಲಿ ಸೀಮೆಎಣ್ಣೆಯ ಸ್ಟೋವ್ ಸಿಡಿದು ಅವರ ಮೈ ಸುಟ್ಟಿತ್ತು. ಅಂದಿನಿಂದ ಅವರು ಕಡ್ಡಿ ಗೀರಲಿಲ್ಲ. ಮನೆಗೆ ಗ್ಯಾಸ್ ಬಂದ ಮೇಲೂ ಬೆಳಿಗ್ಗೆ ಕಾಕಾ ಒಲೆ ಹೊತ್ತಿಸಿ ಕೊಡಬೇಕು. ಮಧ್ಯಾಹ್ನ ಬೇಕಾದರೆ ಗೋಡೆ ತಟ್ಟುತ್ತಿದ್ದರು. ನಾನೋ ಅವ್ವನೋ ಹೋಗಬೇಕು. ನಾವು ಕಡ್ಡಿ ಗೀರುವ ತನಕ ಅವರು ಹಿತ್ತಲಲ್ಲಿ ನಿಂತಿರುತ್ತಿದ್ದರು.

ಇಂಥ ಹೆಂಗಸಿಗೆ ದೈತ್ಯಪ್ರಾಣಿಗಳ ಸಿನೆಮಾ ಎಂದರೆ ಪ್ರಾಣ. ನಾನು ಕಾಲೇಜಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ವಿಶ್ರಾಮಬಾಗದ ಖಾಲಿ ಜಾಗಗಳಲ್ಲಿ ಅಪಾರ್ಟ್‌ಮೆಂಟು ಏಳುತ್ತಿದ್ದವು, ಮಾಳಿಗೆಗಳ ಮೇಲೆ ಡಿಶ್ ಆಂಟೆನಾ ಕೂರುತ್ತಿದ್ದವು. ಪರದೇಶದ ಸಿನೆಮಾಗಳು ಹಿಂದಿ ಮಾತಾಡಿಕೊಂಡು ಪಕ್ಕದ ಮಿರಜಿಗೂ ಬರತೊಡಗಿದ್ದವು. ಬೆಟ್ಟದಷ್ಟು ಹಲ್ಲಿ, ಹಡಗು ನುಂಗುವ ಮೀನು, ಗೋಪುರ ಹತ್ತುವ ಕೋತಿ. ಪೋಸ್ಟರ್ ಕಟ್ಟಿದ ರಿಕ್ಷಾ ಓಣಿಯಲ್ಲಿ ಕೂಗುತ್ತ ಹೋದರೆ ಸಾಕು, ಕಾಕೂ ನಮ್ಮ ಹಿತ್ತಲಲ್ಲಿ ಹಾಜರು. ಯಾವಾಗಲೂ ಮೂರರ ಆಟ. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟವಾಗಬೇಕು.

ಕಾಕಾ ಬಣ್ಣದ ಟಿವಿ ತಂದು ಕೇಬಲ್ ಹಾಕಿಸಿದರು. “ಎಲ್ಲಾ ಇಲ್ಲೇ ತೋರಸ್ತಾರ. ಮಿರಜಿಗೆ ಯಾಕ ಓಡ್ತಿ?” ಎಂದು ಕೇಳಿದರು.

“ಇದರಾಗ ಅದು ಬೆಕ್ಕಿನಷ್ಟ ಆಗತೈತ್ರಿ,” ಎಂದರು ಕಾಕೂ. “ಬೆಕ್ಕಿಗೆ ಯಾರು ಅಂಜತಾರ?”

ಕಡ್ಡಿಗೆ ಹೆದರುವವರು ಇದನ್ನು ಹೇಗೆ ನೋಡುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. ಅವರು ಹೇಳಿದರು: “ಸ್ಟೋ ಸಿಡದಾಗ ಅಡಗಿಮನ್ಯಾಗ ನಾ ಒಬ್ಬಾಕಿನ ಇದ್ನಿ ತಂಗಿ. ಎಷ್ಟ ಒದರಿದ್ರೂ ಯಾರಿಗೂ ಕೇಳಲಿಲ್ಲ. ಅಲ್ಲೆ ನೋಡು, ಅದು ಬಂತಂದ್ರ ಇಡೀ ಟಾಕೀಜ ಒದರತೈತಿ. ನಾನೂ ಒದರತೀನಿ. ಆಮ್ಯಾಲೆ ಮನೀಗ ಬಂದು ಛಲೋ ನಿದ್ದಿ ಬರತೈತಿ.”

ಒಂದು ಸಲ ಆಟ ಮುಗಿದ ಮೇಲೆ, ಪರದೆ ಮುಟ್ಟಿ ನೋಡಬೇಕೆಂದು ಹಟ ಹಿಡಿದು, ಕಸ ಗುಡಿಸುವವಳ ಬೆನ್ನು ಹತ್ತಿ ಅದರ ಹಿಂದಕ್ಕೂ ಹೋಗಿ ಬಂದಿದ್ದರು. “ಏನೂ ಇಲ್ಲ. ಸೌಂಡಿನ ದೊಡ್ಡ ಡಬ್ಬಿ, ಕಸಬರಗಿ, ಒಂದು ಹಿತ್ತಲಬಾಗಲಾ. ಅಷ್ಟ,” ಎಂದು ದಾರಿಯುದ್ದಕ್ಕೂ ನಕ್ಕಿದ್ದರು.

ಆ ಬೇಸಿಗೆಯಲ್ಲಿ ಸಮುದ್ರದಿಂದ ಎದ್ದು ಬರುವ ಪ್ರಾಣಿಯ ಸಿನೆಮಾ ಬಂತು. ಖಂಡೇರಾಜುರಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದ ವೈನಿ, ನನ್ನ ಅಣ್ಣನ ಹೆಂಡತಿ, ತುಂಬಿದ ಬಸುರಿ. ತಾನೂ ಬರುತ್ತೇನೆ ಎಂದಳು. ಅವ್ವ ಬೇಡವೆಂದಳು. “ಬಸರ ಹೆಂಗಸು ಇಂಥಾದ್ದೆಲ್ಲಾ ನೋಡಬಾರದು.” ವೈನಿ ಮುಖ ಸಣ್ಣ ಮಾಡಿದಳು. ಕೊನೆಗೆ ಕಾಕೂ, “ಹೆಂಗ ಕರಕೊಂಡ ಹೋಗತೀನೋ ಹಂಗ ತಂದ ಒಪ್ಪಸ್ತೀನ್ರಿ,” ಎಂದು ಅವ್ವನ ಕೈ ಹಿಡಿದ ಮೇಲೆ ಬಿಟ್ಟಳು.

ಟಾಕೀಜು ತುಂಬಿತ್ತು. ಪ್ರಾಣಿ ಪಟ್ಟಣದೊಳಗೆ ಬಂದಿತ್ತು. ಕಾಲು ಮಾತ್ರ ಕಾಣುತ್ತಿತ್ತು, ಮೈ ಪರದೆಯನ್ನು ದಾಟಿ ಎಲ್ಲೋ ಮೇಲಿತ್ತು. ಅದರ ಒಂದೊಂದು ಹೆಜ್ಜೆಗೂ ನಮ್ಮ ಕುರ್ಚಿಯ ಕಬ್ಬಿಣ ನಡುಗುತ್ತಿತ್ತು. ವೈನಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಿರುಚುತ್ತ ನಗುತ್ತಿದ್ದಳು.

ಆಗ ಪರದೆ ಕಪ್ಪಾಯಿತು. ಸದ್ದೂ ನಿಂತಿತು.

ಅದೂ ಕಥೆಯದೇ ಎಂದುಕೊಂಡು ಜನ ಉಸಿರು ಬಿಗಿಹಿಡಿದು ಕಾದರು. ಯಾರೋ ಸಿಳ್ಳೆ ಹಾಕಿದರು. “ವಾಸನಿ,” ಎಂದರು ಕಾಕೂ ಮೆಲ್ಲಗೆ. ಹಿಂದೆ ತಿರುಗಿ ನೋಡಿದೆ. ಮೇಲೆ ಯಂತ್ರದ ಕೋಣೆಯ ಕಿಂಡಿಯಲ್ಲಿ ಕೆಂಪಗೆ ಏನೋ ಅಲುಗುತ್ತಿತ್ತು. ಬಾಲ್ಕನಿಯಿಂದ ಒಬ್ಬ “ಆಗ ಲಾಗಲೀ!” ಎಂದು ಮರಾಠಿಯಲ್ಲಿ ಕೂಗಿದ. ಬೆಂಕಿ ಎಂಬ ಆ ಒಂದು ಮಾತಿಗೆ ಇಡೀ ಟಾಕೀಜು ಎದ್ದು ನಿಂತಿತು.

ಎಲ್ಲರೂ ಬಂದ ಬಾಗಿಲಿಗೇ ನುಗ್ಗಿದರು. ಹೆಂಗಸರ ಬದಿಯ ಬಾಗಿಲಿಗೆ ಹೊರಗಿನಿಂದ ಅಗಳಿ ಬಿದ್ದಿತ್ತು. ಮುಂದಿದ್ದವರು ಅದನ್ನು ಬಡಿಯುತ್ತಿದ್ದರು, ಹಿಂದಿನವರು ಅವರನ್ನು ಒತ್ತುತ್ತಿದ್ದರು. ಹೊಗೆ ಚಾವಣಿಯಿಂದ ಕೆಳಗಿಳಿಯುತ್ತಿತ್ತು. ನಾನು ಕಾಕೂ ಅವರ ತೋಳು ಜಗ್ಗಿದೆ. ಅವರು ಅಲುಗಲಿಲ್ಲ. ಕಣ್ಣು ಮುಚ್ಚಿದ್ದವು, ತುಟಿ ಮಾತ್ರ ಆಡುತ್ತಿತ್ತು. ಣಮೋಕಾರ ಮಂತ್ರ ಹೇಳುತ್ತಿದ್ದರು.

“ಕಾಕೂ,” ಎಂದಳು ವೈನಿ, “ನನಗ ಉಸರ ಆಡವಲ್ದರಿ.”

ಅವರು ಕಣ್ಣು ತೆರೆದರು. ಇಡೀ ಮೈ ತಿರುಗಿಸಿ ವೈನಿಯನ್ನು ನೋಡಿದರು.

“ಏಳ್ರಿ. ಪಡದೆ ಕಡೆ ನಡೀರಿ.”

“ಅಲ್ಲೆ ಬಾಗಲಾ ಎಲ್ಲೈತ್ರಿ!” ಎಂದು ನಾನು ಅತ್ತೆ.

“ಹಿಂದ ಐತಿ. ನಾ ನೋಡೇನಿ. ನಡೀ.”

ಜನ ಮೇಲಕ್ಕೆ ನುಗ್ಗುತ್ತಿದ್ದ ಇಳಿಜಾರಿನಲ್ಲಿ ನಾವು ಕೆಳಕ್ಕೆ ಹೊರಟೆವು. ಯಾರದೋ ಮೊಣಕೈ ತಗುಲಿ ವೈನಿ ಮುಗ್ಗರಿಸಿದಳು. ಕಾಕೂ ಅವಳ ಮುಂದೆ ತೋಳು ಚಾಚಿ ಅಡ್ಡ ನಿಂತರು. ಬಂದವರೆಲ್ಲ ಅವರ ಸುಟ್ಟ ಹೆಗಲಿಗೇ ಬಡಿದು ಹೋದರು, ಅವರು ಸರಿಯಲಿಲ್ಲ. ಅವರ ಮೈ ಎಷ್ಟು ನಡುಗುತ್ತಿತ್ತೆಂದರೆ ಹಲ್ಲು ಕಟಕಟಿಸುವುದು ನನಗೆ ಕೇಳುತ್ತಿತ್ತು. ಆ ನಡುಕದಲ್ಲೇ ಅವರು ಕೂಗಿದರು: “ಇಕಡೇ ಯಾ! ಇಕಡೇ ದಾರ ಆಹೇ! ಈ ಕಡೆ ಬರ್ರಿ, ಬಾಗಲಾ ಐತಿ!” ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಅಷ್ಟು ದೊಡ್ಡ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬಾಗಿಲು ಬಡಿಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಿರುಗಿದರು.

ಪರದೆಯ ಪಕ್ಕದ ಕರಿ ಬಟ್ಟೆ ಸರಿಸಿ ಒಳಹೊಕ್ಕೆವು. ಕೈಗೆ ಮರದ ಬಾಗಿಲು ಸಿಕ್ಕಿತು, ಚಿಲಕ ತುಕ್ಕು ಹಿಡಿದಿತ್ತು. ಕಾಕೂ, ನಾನು, ಗುರುತಿಲ್ಲದ ಇನ್ನೊಬ್ಬಾಕೆ, ಮೂವರೂ ಜೋತುಬಿದ್ದು ಜಗ್ಗಿದೆವು. ಬರಲಿಲ್ಲ. ಹಿಂದೆ ಕೆಮ್ಮು ಹೆಚ್ಚುತ್ತಿತ್ತು. ಯಾರೋ ಗಂಡಸು ನುಗ್ಗಿ ಬಂದು ಚಪ್ಪಲಿಯ ಹಿಮ್ಮಡಿಯಿಂದ ಗುದ್ದಿದ. ಚಿಲಕ ಜಾರಿತು. ಮಿರಜಿನ ಬಿಳಿ ಬಿಸಿಲು ಮುಖಕ್ಕೆ ಹೊಡೆಯಿತು.

ಯಾರೂ ಸಾಯಲಿಲ್ಲ. ಬೆಂಕಿ ಯಂತ್ರದ ಕೋಣೆಯಲ್ಲೇ ಆರಿತು. ಆದರೆ ದೊಡ್ಡ ಬಾಗಿಲಿನ ನೂಕುನುಗ್ಗಲಿನಲ್ಲಿ ಎಷ್ಟೋ ಜನರ ಕೈಕಾಲು ಮುರಿದವು. ಕಾಕೂ ಹಿತ್ತಲ ಮಣ್ಣಿನಲ್ಲಿ ಕೂತು ವಾಂತಿ ಮಾಡಿಕೊಂಡರು. ವೈನಿ ಅವರ ಕೈ ಹಿಡಿದುಕೊಂಡೇ ಕೂತಿದ್ದಳು, ಆದರೂ “ವೈನಿ ಎಲ್ಲೆ? ವೈನಿ ಎಲ್ಲೆ ತಂಗಿ?” ಎಂದು ನನ್ನನ್ನು ಕೇಳುತ್ತಲೇ ಇದ್ದರು.

ಬಸುರಿಯನ್ನು ಅಂಥಲ್ಲಿಗೆ ಕರೆದೊಯ್ದರೆಂಬ ಸಿಟ್ಟಿಗೆ ಅವ್ವ ಹಿತ್ತಲಬಾಗಿಲು ಹಾಕಿಕೊಂಡಳು. ನಾನು ಏನು ಹೇಳಿದರೂ ಕೇಳಲಿಲ್ಲ. ಗೋಡೆ ತಟ್ಟುವ ಸದ್ದೂ ಬರಲಿಲ್ಲ. ಮಧ್ಯಾಹ್ನ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲವೇನೋ. ವೈನಿಗೆ ಹೆಣ್ಣು ಮಗು ಹುಟ್ಟಿದಾಗಲೂ ಕಾಕೂ ಹೊರಗೆ ಬರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವ್ವ ಎಲ್ಲರಿಗಿಂತ ಮೊದಲು ಆ ಮನೆಯ ಮೆಟ್ಟಿಲು ಹತ್ತಿ ಮಗುವನ್ನು ಅವರ ಮಡಿಲಿಗೆ ಹಾಕಿದಳು. “ಒಪ್ಪಸ್ತೀನಿ ಅಂದಿದ್ರಿ, ಒಪ್ಪಿಸಿದ್ರಿ,” ಎಂದಳು. ಇಬ್ಬರೂ ಅತ್ತರು.

ಮಳೆಗಾಲ ಮುಗಿದ ಮೇಲೆ ಟಾಕೀಜು ಮತ್ತೆ ತೆರೆಯಿತು, ಅದೇ ಸಿನೆಮಾದಿಂದ. ಕಾಕೂ ನನ್ನ ಬಳಿ ಬಂದು, “ಅರ್ಧಕ್ಕ ನಿಂತೈತಿ. ಅದು ಏನಾತು ನೋಡಬೇಕಲ್ಲ?” ಎಂದರು. ಮುಖ ಬಿಳಿಚಿತ್ತು. ಹೋದೆವು. ಕತ್ತಲಾಗುತ್ತಲೇ ಅವರ ಉಸಿರು ಜೋರಾಯಿತು. ನಾನು, “ಹೋಗೂಣ್ರಿ ಮನೀಗೆ,” ಎಂದೆ. “ಸುಮ್ನ ಕುಂದ್ರು,” ಎಂದರು. ಕೊನೆಯಲ್ಲಿ ವಿಮಾನಗಳು ಸುತ್ತುವರಿದು ಆ ಪ್ರಾಣಿಯನ್ನು ಕೊಂದಾಗ ಟಾಕೀಜೆಲ್ಲ ಚಪ್ಪಾಳೆ ತಟ್ಟಿತು. ಕಾಕೂ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು. “ಪಾಪ, ಅದಕ್ಕ ಹೊರಗ ಹೋಗೂ ದಾರಿ ಗೊತ್ತಾಗಲಿಲ್ಲ,” ಎಂದರು.

ಮುಂದೆ ನನಗೆ ಸಾಂಗಲಿಯಲ್ಲೇ ಮದುವೆಯಾಯಿತು. ಆ ಟಾಕೀಜು ಕೆಡವಿ ಅಂಗಡಿಗಳ ಸಾಲು ಕಟ್ಟಿದರು. ಕಾಕೂ ಎದೆನೋವೆಂದು ಮಿರಜಿನ ಆಸ್ಪತ್ರೆ ಸೇರಿದವರು ಎರಡನೆಯ ದಿನ ಬೆಳಗಾಗುವಾಗ ಹೋಗಿಬಿಟ್ಟರು. ಕಾಕಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರಿಗೆ ಕುಂದ್ರಿ ಎನ್ನುವರು, ಚಹಾ ತರಿಸುವರು. ಆಮೇಲೆ ಅದೂ ನಿಂತು, ಗೋಡೆ ನೋಡುತ್ತ ಕೂತುಬಿಟ್ಟರು. ಊಟ ಸೇರುತ್ತಿಲ್ಲ ಎಂದು ಅವ್ವ ನನ್ನನ್ನು ಕರೆಸಿದಳು.

ನಾನು ಪಕ್ಕದಲ್ಲಿ ಕೂತಾಗ ಕಾಕಾ ಕೇಳಿದರು, “ಆಕಿ ಅಲ್ಲೆ ಏನ ನೋಡತಿದ್ಲು ತಂಗಿ? ಒಮ್ಮಿನೂ ನಾ ಆಕಿ ಜೋಡಿ ಹೋಗಲಿಲ್ಲ. ನನಗೂ ತೋರಸು.”

ಸಾಂಗಲಿಯ ಹೊಸ ಟಾಕೀಜಿಗೆ ಕರೆದುಕೊಂಡು ಹೋದೆ. ನೆಲ ಸೀಳಿ ಪ್ರಾಣಿ ಮೇಲೆದ್ದು ಬಾಯಿ ತೆರೆಯಿತು. ಮಕ್ಕಳು, ದೊಡ್ಡವರು, ಎಲ್ಲರೂ ಒಟ್ಟಿಗೆ ಕಿರುಚಿದರು. ಆ ಗದ್ದಲದ ನಡುವೆ ಕಾಕಾ ಬಾಯಿ ಬಿಟ್ಟು ಗಟ್ಟಿಯಾಗಿ ಅಳುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾಕಾ ನಳದ ಕೆಳಗೆ ಮುಖ ತೊಳೆದು, ಟೊಪ್ಪಿಗೆ ಸರಿಮಾಡಿಕೊಂಡು ರಿಕ್ಷಾ ಹತ್ತಿದರು. “ಹಸಿವಿ ಆಗೈತಿ,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಇಂಥಾದ್ದ ಇನ್ನೊಂದ ಬಂದ್ರ ಹೇಳು ತಂಗಿ. ಬರ್ತೀನಿ,” ಎಂದರು.