ಇಲಿಗಳಿಗೂ ಸೋಮವಾರ

ಆ ಗುರುವಾರ ಬೆಳಿಗ್ಗೆಯೂ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ್ದೆ, ಅತ್ತೆಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟಿದ್ದೆ, ನಾದಿನಿಯ ಡಬ್ಬಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಹೊಸದೆಂದರೆ, ತಟ್ಟುತ್ತಲೇ ಅವಳಿಗೆ ಇಂಗ್ಲಿಷಿನಲ್ಲಿ ಸಂದರ್ಶನದ ಪ್ರಶ್ನೆ ಕೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದ್ದು ನನಗೆ ಉಪಯೋಗಕ್ಕೆ ಬರುವುದು ಇಂಥ ದಿನಗಳಲ್ಲಿ ಮಾತ್ರ.

ನಾದಿನಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳಿಗೆ ಔಷಧ ಕೊಟ್ಟು ಪರೀಕ್ಷಿಸುವವಳು. ತಾತ್ಕಾಲಿಕ ಕೆಲಸ. ಅಂದು ಕಾಯಂ ಹುದ್ದೆಗೆ ಸಂದರ್ಶನ. ಅದು ಕೈತಪ್ಪಿದರೆ ತಿಂಗಳ ಕೊನೆಗೆ ಮನೆಗೆ.

ನನ್ನ ಶಾಲೆಯ ಪುಸ್ತಕದ ವಿಜ್ಞಾನಿಗೆ ಕೆದರಿದ ಕೂದಲು, ದಪ್ಪ ಕನ್ನಡಕ ಇತ್ತು. ನಮ್ಮ ಮನೆಯ ವಿಜ್ಞಾನಿಗೆ ಎಣ್ಣೆ ಹಚ್ಚಿದ ಜಡೆ, ಬೆನ್ನ ಹಿಂದೆ ರಾವಂದೂರಿನ ಹೊಗೆಸೊಪ್ಪಿನ ಹೊಲ. ಇಲಿಗೆ ಔಷಧ ಕುಡಿಸುವುದು ಹೇಗೆಂದು ಒಮ್ಮೆ ಕರವಸ್ತ್ರ ಸುತ್ತಿ ತೋರಿಸಿದ್ದಳು: ಕತ್ತು ಮೆಲ್ಲಗೆ ಎತ್ತಿ, ಬಾಯಿಯ ಪಕ್ಕದಿಂದ ಸಣ್ಣ ಕೊಳವೆ. ಅತ್ತೆ ನಕ್ಕುಬಿಟ್ಟರು.

"ಇದ್ಕೆ ಇಷ್ಟ್ ವರ್ಸ ಓದ್ಬೇಕಾಗಿತ್ತೇನೆ? ನಿಮ್ಮಪ್ಪ ಬಿದಿರಿನ ಗೊಟ್ಟದಲ್ಲಿ ಎತ್ತಿಗೆ ಕಸಾಯ ಉಯ್ತಿದ್ದುದೂ ಇಂಗೇ ಕಣೆ!"

ಅಂದು ರೊಟ್ಟಿಯನ್ನು ಹೆಂಚಿಗೆ ಹಾಕಿ, ಅವಳ ಪ್ರಯೋಗದ ದಿನವಹಿ ಪುಸ್ತಕ ತಿರುವುತ್ತಿದ್ದ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಪ್ರತಿ ವಾರ ಒಂದು ಸಾಲು ಖಾಲಿ.

"ಸೋಮವಾರ ಏನೂ ಬರೆದೇ ಇಲ್ಲವಲ್ಲೇ?"

ಅವಳು ಸೆರಗಿನ ಪಿನ್ನು ಸರಿಮಾಡಿಕೊಂಡಳು. "ಸೋಮವಾರ ಮೇವು, ನೀರು ಕೊಟ್ಟು ಗೂಡು ಗುಡಿಸ್ತೀನಿ ಅಷ್ಟೇ, ಅತ್ತಿಗೆ. ಸೂಜಿ, ಔಷಧ ಏನೂ ಇಲ್ಲ. ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲವಲ್ಲ. ನನಗೂ ಕೈ ಬರಲ್ಲ."

ರೊಟ್ಟಿಯ ಅಂಚು ಸೀದಿತು. ಶಿವನ ವಾಹನಕ್ಕೆ ವಾರದ ಬಿಡುವು ಸರಿ. ಇಲಿ ಗಣಪತಿಯದ್ದು, ಆ ಲೆಕ್ಕಕ್ಕೆ ಮಂಗಳವಾರ ಕೊಡಬೇಕಿತ್ತು. ಆದರೆ ಅದನ್ನು ಹೇಳುವ ಹೊತ್ತಲ್ಲ.

"ಕೇಳಿದರೆ, ಸೋಮವಾರ ಕರೆಂಟು ಇರಲ್ಲ ಅಂದುಬಿಡು" ಎಂದೆ.

"ಆಹಾ, ಕಾನ್ವೆಂಟ್ನಲ್ಲಿ ಕಲಿಸಿದ್ದು ಇದೇನಾ?" ಎಂದಳು ನಾದಿನಿ.

ಅತ್ತೆ ಜಗಲಿಯಿಂದಲೇ ಕೂಗಿದರು: "ಇದ್ದುದ್ ಇದ್ದಂಗೆ ಏಳು ಬುಡವ್ವ. ತಪ್ಪು ಮಾಡಿಲ್ವಲ್ಲ."

ಬಸ್ಸು ಹತ್ತಿಸಿ ಬಂದ ಮೇಲೆ ಇಡೀ ದಿನ ನನಗೆ ಆ ಖಾಲಿ ಸಾಲುಗಳೇ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಸಂಜೆ ಅವಳು ಬಂದು ಚಪ್ಪಲಿ ಬಿಡುವ ಮೊದಲೇ ಜಗಲಿಯಲ್ಲಿ ಕೂತಳು. ಕೇಳಿಯೇ ಕೇಳಿದರಂತೆ. ಇವಳು ಎತ್ತಿನ ಕಥೆ ಹೇಳಿದಾಗ ಕೋಟು ಹಾಕಿದ್ದವರೊಬ್ಬರು ಹುಬ್ಬು ಏರಿಸಿದರಂತೆ. ಪಕ್ಕದಲ್ಲಿದ್ದ ಹಿರಿಯ ಮೇಡಂ ಮಾತ್ರ ಪೆನ್ನು ಕೆಳಗಿಟ್ಟು, "ನಮ್ಮದು ಸಾಲಿಗ್ರಾಮದ ಹತ್ತಿರ. ನಮ್ಮನೇಲೂ ಸೋಮವಾರ ಎತ್ತು ಹೂಡಿ ಆರು ಕಟ್ತಿರಲಿಲ್ಲ" ಅಂದರಂತೆ. ಆಮೇಲೆ ಗದರಿದ್ದೂ ಅವರೇ.

"ಬಿಡುವು ಕೊಟ್ಟಿದ್ದು ತಪ್ಪಲ್ಲ, ಬರೆದಿಡದೇ ಇದ್ದದ್ದು ತಪ್ಪು. ಇನ್ಮೇಲೆ 'ಬಿಡುವು' ಅಂತ ಬರೀಬೇಕು, ಅಂದ್ರು."

"ಇನ್ಮೇಲೆ ಅಂದ್ರೆ?" ಎಂದೆ.

"ಬುಧವಾರ ಬಂದು ಸೇರ್ಕೊಳ್ಳಿ ಅಂದ್ರು, ಅತ್ತಿಗೆ."

ಅತ್ತೆ ಎದ್ದರು. ಒಳಗೆ ಹೋಗಿ ಗೋಡೆಯ ಮೇಲಿನ ಮಾವನವರ ಫೋಟೋ ಒರೆಸಿದರು. ಬೆಳಿಗ್ಗೆಯಷ್ಟೇ ನಾನು ಒರೆಸಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರರ ಹೆಂಡತಿ ಲೋಟ ಹಿಡಿದು ಹೆಪ್ಪಿಗೆ ಬಂದರು. ವಿಷಯವೆಲ್ಲ ಕೇಳಿಸಿಕೊಂಡು, ಲೋಟಕ್ಕೆ ನಾನು ಹಾಕಿದ ಮೊಸರು ಸಾಕೇ ಎಂದು ನೋಡುತ್ತಾ ಅಂದರು:

"ಅವರಿಗೆ ಕೆಲ್ಸ ಕಾಯಂ ಆಯ್ತು ಅಂದ್ರೆ, ನಿಮಗೆ ಡಬ್ಬಿ ಕಟ್ಟೋದೂ ಕಾಯಂ ಅನ್ನಿ ಅಕ್ಕಾ."