ಬಂದೂಕಿನ ಕಟ್ಟಿಗೆ

ಬಂದೂಕಿನಲ್ಲಿ ಸದ್ದು ಮಾಡದ ಭಾಗವೊಂದಿದೆ. ಹೆಸರುಗಳು ಮಾತ್ರ ಅದಕ್ಕೇ ಹೆಚ್ಚು. ಹೆಗಲಿಗೆ ಆನಿಸುವ ಆ ಹಿಂಬದಿಯ ಮರವನ್ನು ಕಮಲಾಪುರದ ನಮ್ಮ ಮನೆಯಲ್ಲಿ ‘ಕಟಿಗಿ’ ಎನ್ನುತ್ತಾರೆ, ಠಾಣೆಯವರು ‘ಬಟ್’ ಎನ್ನುತ್ತಾರೆ, ಕಲಬುರಗಿಯ ಸ್ಟೇಶನ್ ಬಜಾರಿನ ಬಡಿಗ ಉಸ್ತಾದರು ‘ಕುಂದಾ’ ಎನ್ನುತ್ತಾರೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಹುಮ್ಮಸ್ಸಿನಲ್ಲಿ ನಾನು ‘ಭುಜಾಧಾರಕಾಷ್ಠ’ ಎಂಬ ಪದವನ್ನು ಟಂಕಿಸಿ ಹೆಂಡತಿಗೆ ಒಪ್ಪಿಸಿದೆ. ಆಕೆ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಬಂದೂಕು ಅಪ್ಪನದು. ಕೆಂಪು ಬಾಳೆಯ ತೋಟಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ. ಅವನು ಗುಂಡು ಹಾರಿಸಿದಾಗ ಬಂದೂಕು ಹಿಂದಕ್ಕೆ ಒದ್ದ ಹೊಡೆತಕ್ಕೆ ಹೆಗಲಿನ ಆ ಮರವೇ ಸೀಳಿತೆಂಬ ಕಥೆ ನಮ್ಮ ಮನೆಯ ನಿತ್ಯಪಾರಾಯಣ. ಅಂಥ ಧೀರನ ಮಗನಾದ ನಾನೋ, ಕುಕ್ಕರ್ ಕೂಗಿದರೂ ಬೆಚ್ಚುವವನು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು, ಧೈರ್ಯ ವರ್ಗಾವಣೆಯಾಗಲಿಲ್ಲ.

ಈಚೆಗೆ ಆ ಬಿರುಕು ಮುಚ್ಚಿಸೋಣವೆಂದು ಮರವನ್ನಷ್ಟೇ ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಕಲಬುರಗಿಯ ಬಸ್ಸು ಹತ್ತಿದೆ. “ಏನ್ರೀ ಅದು?” ಎಂದ ಕಂಡಕ್ಟರಿಗೆ “ಕಟಿಗಿ” ಎನ್ನುವಷ್ಟರಲ್ಲಿ ಬೆವೆತುಹೋಗಿದ್ದೆ. ಬಿರುಕು ಕಾಣಲೇಬಾರದೆಂದು ಉಸ್ತಾದರಿಗೆ ಒತ್ತಿ ಹೇಳಿ ಬಂದೆ.

ವಾರ ಕಳೆಯುವುದರೊಳಗೆ ಠಾಣೆಯಿಂದ ಹೇಳಿಕಳಿಸಿದರು: ಚುನಾವಣೆ ಬಂದಿದೆ, ಎರಡು ದಿನದಲ್ಲಿ ಬಂದೂಕು ಒಪ್ಪಿಸಬೇಕು. ಲೈಸೆನ್ಸಿನ ಪುಸ್ತಕ ತೆರೆದೆ. ಗುರುತಿನ ಚಿಹ್ನೆ ಎಂಬಲ್ಲಿ ಬರೆದಿತ್ತು: ‘ಮರದಲ್ಲಿ ಉದ್ದ ಬಿರುಕು.’ ಗುರುತನ್ನೇ ಅಳಿಸಲು ಹೇಳಿ ಬಂದವನನ್ನು ಪೊಲೀಸರು ಸುಮ್ಮನೆ ಬಿಟ್ಟಾರೆಯೇ, ನೀವೇ ಹೇಳಿ. ಉಸ್ತಾದರು ಫೋನು ಎತ್ತಲಿಲ್ಲ. ಮುಂಜಾನೆಯ ಬಸ್ಸಿನಲ್ಲಿ ಕುಳಿತು, ಕಟಕಟೆಯಲ್ಲಿ ನಿಂತ ನನ್ನನ್ನು ಹಳೆಯ ವಿದ್ಯಾರ್ಥಿಗಳು ನೋಡುತ್ತಿರುವಂತೆ ಕಲ್ಪಿಸಿಕೊಂಡು ಸ್ಟೇಶನ್ ಬಜಾರಿನವರೆಗೂ ನಡುಗಿದೆ.

ಅಂಗಡಿಯಲ್ಲಿ ಮರ ಥಳಥಳ ಹೊಳೆಯುತ್ತಿತ್ತು. ಬಿರುಕಿಲ್ಲ! ನನ್ನ ಮುಖ ನೋಡಿ ಉಸ್ತಾದರು ಅದನ್ನು ಬೆಳಕಿಗೆ ಹೊರಳಿಸಿದರು. ಕೂದಲೆಳೆಯಷ್ಟು ತೆಳ್ಳಗೆ ಅದು ಅಲ್ಲೇ ಇತ್ತು.

“ಒಳಗ ಅಂಟು ಕುಡಿಸಿ ಗಟ್ಟಿ ಮಾಡೀನಿ, ಗುರುತು ಅಳಿಸಿಲ್ರಿ. ಲೈಸೆನ್ಸಿನ ಮಾಲು ಅದ. ನಿಮಗ ಗೊತ್ತಿಲ್ಲಂದ್ರ ನನಗರ ಗೊತ್ತಿರಬೇಕಲ್ಲ, ಮಾಸ್ತರ್.”

ಹೋದ ಜೀವ ಬಂತು. ಆ ಖುಷಿಯಲ್ಲಿ ಅಪ್ಪನ ಗುಂಡಿನ ಕಥೆ ಹೇಳಿದೆ. ಉಸ್ತಾದರು ಮರದ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಅಂದರು:

“ಗುಂಡಿಗೆ ಸೀಳಿದ್ರ ಕಬ್ಬಿಣ ಕೂಡೋ ಕಡೆ ಸೀಳ್ತದರಿ. ಇದು ತಳದಿಂದ ಸೀಳ್ಯಾದ. ತಳಾ ನೋಡ್ರಿ, ಎಷ್ಟು ಸವದದ. ಗಲ್ಲಾ ಇಡೋ ಜಾಗಾ ಹೊಸಾದು ಇದ್ದಂಗೇ ಅದ. ನಿಮ್ಮಪ್ಪಾರು ಗುಂಡು ಹಾರಿಸಿದ್ದು ಕಡಿಮಿ. ನೆಲಕ್ಕ ಊರಿಕೊಂಡು ನಿಂತದ್ದೇ ಭಾಳ. ಹಂದಿ ಬಂದಾಗ ಕಲ್ಲಿಗೆ ಕುಟ್ಟಿ ಸಪ್ಪಳಾ ಮಾಡ್ಯಾರ.”

ರಾತ್ರಿಯೆಲ್ಲ ತೋಟ ಕಾದು ಬೆಳಿಗ್ಗೆ ಬಂದ ಅಪ್ಪನ ಕೈಯಲ್ಲಿ ಚಹಾದ ಬಸಿ ನಡುಗುತ್ತಿದ್ದದ್ದು ನೆನಪಾಯಿತು. “ಥಂಡಿ ಅದ” ಎನ್ನುತ್ತಿದ್ದ. ಕಮಲಾಪುರದ ಬೇಸಿಗೆಯಲ್ಲೂ ಹಾಗೆನ್ನುತ್ತಿದ್ದ, ನಾವು ನಂಬುತ್ತಿದ್ದೆವು. ಇಷ್ಟು ಹೆದರಿಕೆಯಿದ್ದೂ ಮತ್ತೆ ಸಂಜೆಗೆ ಹೋಗುತ್ತಿದ್ದನಲ್ಲ! ಧೀರನ ಮೇಲಿದ್ದ ಗೌರವಕ್ಕಿಂತ ಈ ಹೆದರುಪುಕ್ಕಲನ ಮೇಲೆ ಹುಟ್ಟಿದ ಪ್ರೀತಿ ದೊಡ್ಡದಾಗಿತ್ತು.

ಮರಳುವಾಗ ಅದೇ ಕಂಡಕ್ಟರು. ಠಾಣೆಯ ಅಳುಕು ಇನ್ನೂ ಇತ್ತು. ಆದರೂ ಟವೆಲು ಸುತ್ತದೆ ಮರವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

“ಇದೇನ್ರೀ?”

ಅದರ ಹೆಸರುಗಳೆಲ್ಲ ನಾಲಗೆಯ ತುದಿಗೆ ಬಂದು ಹಿಂದೆ ಸರಿದವು.

“ನಮ್ಮಪ್ಪನ ಊರುಗೋಲರೀ” ಎಂದೆ.