ಟಿ.ವಿ. ಹಿಂದೆ ನಿಂತ ಅಕ್ಕ

ವಿಡಿಯೋ ಗೇಮಿನ ಚಿತ್ರ ಬಂತೋ ಇಲ್ಲವೋ, ಸಖರಾಯಪಟ್ಟಣದಿಂದ ಬಂದಿದ್ದ ಅಕ್ಕ ಎದ್ದು ಹೋಗಿ ಟಿ.ವಿ. ಹಿಂದೆ ನಿಂತು ವೈರ್‌ಗೆ ಕೈ ಹಾಕಿದಳು.

ನಾನು ದಂಗಾದೆ. ಚಿಕ್ಕಂದಿನಲ್ಲಿ ಅಜ್ಜಂಪುರದ ಇದೇ ಮನೆಯಲ್ಲಿ, ಇದೇ ವಿಡಿಯೋ ಗೇಮ್ ಆಡುವಾಗ ಟಿ.ವಿ. ಹಿಂದಿನ ಆಂಟೆನಾ ಪಿನ್ ಸಡಿಲವಾಗಿತ್ತು. ಯಾರಾದರೂ ಒತ್ತಿ ಹಿಡಿಯದಿದ್ದರೆ ಪರದೆ ತುಂಬ ಬರೀ ಚುಕ್ಕೆ. ಹಿಡಿಯುತ್ತಿದ್ದವಳು ಅಕ್ಕ, ಆಡುತ್ತಿದ್ದವನು ನಾನು. ‘ಇದೊಂದೇ ಆಟ, ಆಮೇಲೆ ನೀನಾಡು’ ಅನ್ನುತ್ತಲೇ ರಜೆ ಮುಗಿಸುತ್ತಿದ್ದೆ. ಮೊನ್ನೆ ಅಟ್ಟದಲ್ಲಿ ಸಿಕ್ಕ ಆ ಹಳೇ ಗೇಮನ್ನು ತರೀಕೆರೆಯ ಮೆಕ್ಯಾನಿಕ್ ಹತ್ತಿರ ಒಯ್ದಿದ್ದೆ. ಅವರು ಆಂಟೆನಾ ವೈರ್ ಕಿತ್ತು, ಯಾರೂ ಹಿಡಿಯದೆಯೂ ಗಟ್ಟಿಯಾಗಿ ಕೂರುವ ಎವಿ ವೈರ್ ಬೆಸೆದುಕೊಟ್ಟಿದ್ದರು. ಚಿತ್ರ ಈಗ ಕನ್ನಡಿಯ ಹಾಗಿತ್ತು.

“ಹಿಡ್ಕೊಳ್ಳೋದು ಬೇಡ ಕಣಕ್ಕಾ, ಈ ಕಡೆ ಬಾ” ಅಂದೆ.

ಮುಂದೆ ಬಂದು ನೋಡಿದಳು. “ಇದ್ರಲ್ಲಿ ಮೋಡ ಎಲ್ಲಾ ಇತ್ತೇನೋ?” ಅಂದಳು.

ಆಡು ಅಂತ ಜಾಯ್‌ಸ್ಟಿಕ್ ಕೈಗಿಟ್ಟೆ. ಎರಡು ಸಲ ಗುಂಡಿ ಒತ್ತಿ, ಕಡೂರು ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ಟಳು.

ಅವಳು ಹೋದ ಮೇಲೆ ನಾನೂ ಟಿ.ವಿ. ಹಿಂದೆ ನಿಂತು ನೋಡಿದೆ. ಅಲ್ಲಿಂದ ಆಟ ಕಾಣುವುದಿಲ್ಲ, ಆಡುವವನು ಕೂರುವ ಜಾಗ ಮಾತ್ರ ಕಾಣುತ್ತದೆ. ರಜೆಯಿಡೀ ಅವಳು ನೋಡಿದ್ದು ನನ್ನನ್ನೇ.